ಊರಿನ ಹೆಸರನ್ನು ಲೈನೇ ಹೇಳುತ್ತದೆ

ಆ ಸಲ ನನಗೆ ಬಂದ ಆದೇಶ ಒಂದೂವರೆ ಸಾಲಿನದು. ಬೀದರಿನ ಬ್ರಾಡ್‌ಬ್ಯಾಂಡ್ ರೂಟರಿನಲ್ಲಿ, ಟನಲ್ ಮೂಲಕ ಬೆಂಗಳೂರಿಗೆ ಹೋಗುವ ಸಂಪರ್ಕಗಳ ಕರೆಗುರುತಿನ ನಮೂನೆ ಬದಲಿಸುವುದು. ಅದನ್ನೇ ನಾಲ್ಕು ಸಲ ಓದಿದೆ. ಅದರಲ್ಲಿ ವಿಶೇಷವೇನಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋಗುವ ಮನುಷ್ಯ ನಾನು. ನನ್ನ ಹೆಂಡತಿ ಇದಕ್ಕೆ ಒಗ್ಗಿಹೋಗಿದ್ದಾಳೆ. ನಾನು ಮಾತ್ರ ಒಗ್ಗಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟಿದ್ದ ಕಾಲ ಅದು. ಬೆಳಗ್ಗೆ ಹೈದರಾಬಾದ್ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೀಟಿನ ಕೆಳಗೆ, ಮೇಲೆ, ಮಡಿಲಲ್ಲಿ, ಎಲ್ಲ ಕಡೆ ಹಂಡೆ, ಹಾಸಿಗೆ, ಹಿಟ್ಟಿನ ಚೀಲ. ಔರಾದ ಕಡೆಯವರು ಉದಗೀರ ದಾಟಿ ಪುಣೆಗೆ ಹೋಗುತ್ತಿದ್ದರು. ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು. ಯಾವ ಊರಿಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬೇಕು ಎಂಬುದನ್ನು ಪಂಚಾಯ್ತಿಯ ಆಪರೇಟರ್ ಬೆಳಗ್ಗೆ ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ಮೊದಲು ಅದರಲ್ಲಿ ಊರಿನ ಹೆಸರು ಬರೆಯುವ ಜಾಗವಿತ್ತು. ಪಾಸ್‌ವರ್ಡ್ ಇಡೀ ಜಿಲ್ಲೆಗೆ ಒಂದೇ, ಅದೂ ಕೆಲವು ಪಂಚಾಯ್ತಿಗಳಲ್ಲಿ ಗೋಡೆಯ ಮೇಲೆ ಬರೆದಿಟ್ಟದ್ದು. ಹಾಗಾಗಿ ಯಾರೋ ಎಲ್ಲೋ ಒಂದು ಅಂಗಡಿಯಲ್ಲಿ ಕೂತು ತಮಗೆ ಬೇಕಾದ ಊರಿಗೆ ಹತ್ತು ಟ್ಯಾಂಕರ್ ಬರೆಯುತ್ತಿದ್ದಾರೆಂದು ಮೇಲಿನವರಿಗೆ ಗೊತ್ತಾಯಿತು. ಅವರು ಹೆಸರಿನ ಜಾಗವನ್ನೇ ತೆಗೆದುಹಾಕಿದರು. ಇನ್ನು ಮುಂದೆ ಊರಿನ ಹೆಸರನ್ನು ಯಾರೂ ಬರೆಯಬೇಕಿಲ್ಲ, ಅದನ್ನು ಲೈನೇ ಹೇಳುತ್ತದೆ. ಲೈನಿಗೆ ಅದನ್ನು ಹೇಳಿಕೊಡುವ ಕೆಲಸ ನನಗೆ ಬಂತು.

ಹೇಳಿಕೊಡುವುದೆಂದರೆ ಹೀಗೆ. ಹಳ್ಳಿಯಲ್ಲಿ ಮೋಡೆಮ್ ಚಾಲೂ ಮಾಡಿದಾಗ ಸಂಪರ್ಕ ಅಲ್ಲಿಯ ಸಣ್ಣ ಎಕ್ಸ್‌ಚೇಂಜಿನಿಂದ ಬೀದರಿನ ನಮ್ಮ ರೂಟರಿಗೆ ಬರುತ್ತದೆ. ರೂಟರ್ ಅದನ್ನು ಒಂದು ಟನಲ್ಲಿನೊಳಗೆ ಸೇರಿಸಿ ಬೆಂಗಳೂರಿಗೆ ತಳ್ಳುತ್ತದೆ. ತಳ್ಳುವ ಮೊದಲು, ಕರೆಯುತ್ತಿರುವವರು ಯಾರು ಎಂದು ಒಂದು ಚೀಟಿ ಕಳಿಸುತ್ತದೆ. ಅದುವರೆಗೂ ಆ ಚೀಟಿಯಲ್ಲಿ ಮೋಡೆಮಿನ ನಂಬರ್ ಹೋಗುತ್ತಿತ್ತು. ಸಿಡಿಲಿಗೆ ಮೋಡೆಮ್ ಸುಟ್ಟರೆ ನಂಬರೂ ಬದಲಾಗುತ್ತಿತ್ತು. ಹೊಸ ನಮೂನೆಯಲ್ಲಿ ಮೋಡೆಮಿನ ಮಾತೇ ಇಲ್ಲ: ರೂಟರಿನ ಹೆಸರು, ಕಾರ್ಡು ಕೂತ ಸ್ಲಾಟು, ಆ ಕಾರ್ಡಿನ ಪೋರ್ಟು, ಕೊನೆಗೆ ಲೈನಿನ ಸಂಖ್ಯೆ, ನಡುನಡುವೆ ಒಂದೊಂದು ಹ್ಯಾಶ್ ಗುರುತು. ಈ ಪೋರ್ಟ್ ಅಂದರೆ ಈ ಊರು ಎಂಬ ಪಟ್ಟಿಯನ್ನು ನಾನು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಯ ಕಂಪ್ಯೂಟರ್ ಚೀಟಿ ನೋಡಿ, ಪಟ್ಟಿ ನೋಡಿ, ಊರು ತಿಳಿದುಕೊಳ್ಳುತ್ತದೆ. ಹಳ್ಳಿಯಲ್ಲಿ ಕೂತವರಿಗೆ ಆ ಚೀಟಿ ಕಾಣುವುದಿಲ್ಲ. ತಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಾರೆಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಮೊದಲ ಹಂತದಲ್ಲಿ ನನ್ನ ಪಾಲಿಗೆ ಬಂದದ್ದು ಎರಡೇ ಊರು. ಒಂದು ಔರಾದ ತಾಲೂಕಿನಲ್ಲಿ, ಎಕಂಬಾ ದಾಟಿ ಹೋಗಬೇಕು. ಇನ್ನೊಂದು ಭಾಲ್ಕಿ ತಾಲೂಕಿನಲ್ಲಿ, ಸಾಯಗಾಂವ ಕಡೆ. ಹೆಸರು ಬರೆಯುವುದಿಲ್ಲ, ಔರಾದಿನ ಊರು ಮತ್ತು ಭಾಲ್ಕಿಯ ಊರು ಎನ್ನುತ್ತೇನೆ. ಎರಡರ ಎಕ್ಸ್‌ಚೇಂಜೂ ಒಂದೇ ನಮೂನೆಯವು, ಎರಡರಲ್ಲೂ ಪಂಚಾಯ್ತಿಯ ಲೈನ್ ಸಂಖ್ಯೆ ಒಂದೇ. ಚೀಟಿಯಲ್ಲಿ ಎರಡು ಊರುಗಳನ್ನು ಬೇರೆ ಮಾಡುತ್ತಿದ್ದದ್ದು ಪೋರ್ಟಿನ ಒಂದೇ ಒಂದು ಅಂಕಿ.

ಯಾವ ಪೋರ್ಟಿಗೆ ಯಾವ ಊರಿನ ತಂತಿ ಬಂದಿದೆ ಎಂಬುದಕ್ಕೆ ಇದ್ದ ದಾಖಲೆ ಒಂದು ಹಳೆಯ ರಿಜಿಸ್ಟರ್. ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದ ಲೈನ್‌ಮನ್ ಒಬ್ಬರು ಬರೆದಿಟ್ಟದ್ದು. ಬೀದರಿನ ಹಳೇ ಊರಿನವರು, ಉರ್ದು ಸಾಲಿಯಲ್ಲಿ ಕಲಿತವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ರಿಜಿಸ್ಟರಿನ ಮೊದಲ ಪುಟ ಉರ್ದುವಿನಲ್ಲಿತ್ತು. ನನಗೆ ಓದಲು ಬರುವುದಿಲ್ಲ, ತಿರುವಿ ಹಾಕಿದೆ. ಒಳಗೆ ಕಾರ್ಡಿನ ಚಿತ್ರ: ಸಾಲಾಗಿ ಎಂಟು ಚೌಕ, ಪ್ರತಿ ಚೌಕದಲ್ಲೂ ಕನ್ನಡದಲ್ಲಿ ಊರಿನ ಹೆಸರು, ಉರುಟಾದ ಅಕ್ಷರ. ಎಡಗಡೆಯ ಮೊದಲ ಚೌಕದಲ್ಲಿ ಔರಾದಿನ ಊರು. ಬಲತುದಿಯಲ್ಲಿ ಭಾಲ್ಕಿಯ ಊರು.

ರೂಟರ್ ಪೋರ್ಟುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯರು ಒಂದರಿಂದ. ಇಲ್ಲಿ ಯಾರಾದರೂ ಎಡವುತ್ತಾರೆಂದು ಹೆದರಿ ನಾನು ಮೂರು ಸಲ ತಾಳೆ ನೋಡಿದೆ. ಮೊದಲ ಚೌಕ ಸೊನ್ನೆ, ಎಂಟನೆಯದು ಏಳು. ತಪ್ಪು ಹಿಡಿದೆನೆಂದು ಒಳಗೊಳಗೇ ಖುಷಿಯಾಯಿತು. ಆಮೇಲೆ ಹ್ಯಾಶ್ ಗುರುತನ್ನು ಬೆಂಗಳೂರಿನ ಯಂತ್ರ ಟಿಪ್ಪಣಿ ಎಂದು ತಿಳಿದು ಮುಂದಿನದನ್ನು ಓದದೇ ಬಿಟ್ಟರೆ ಎಂಬ ಚಿಂತೆ ಹತ್ತಿತು. ಅಲ್ಲಿಯ ಎಂಜಿನಿಯರಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಅವರು ಎತ್ತಲಿಲ್ಲ. ಸ್ಲಾಟಿನ ಸಂಖ್ಯೆ ಒಂದಂಕಿಯೋ ಎರಡಂಕಿಯೋ, ರೂಟರಿನ ಹೆಸರು ಉದ್ದವಾಗಿ ತುಂಡಾದರೆ ಹೇಗೆ, ಹೀಗೆ ಒಂದು ಹಾಳೆಯ ತುಂಬ ಚಿಂತೆಗಳನ್ನು ಬರೆದು ಒಂದೊಂದಾಗಿ ಹೊಡೆದುಹಾಕಿದೆ. ಪೋರ್ಟುಗಳನ್ನು ಯಾವ ಕಡೆಯಿಂದ ಎಣಿಸಬೇಕು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ.

ಸೋಮವಾರ ಬೆಳಗ್ಗೆ ಏಳಕ್ಕೆ, ಪಂಚಾಯ್ತಿಗಳು ತೆರೆಯುವ ಮೊದಲು, ಹೊಸ ನಮೂನೆಯ ಸಾಲನ್ನು ರೂಟರಿಗೆ ಬರೆದೆ. ಬರೆದರಷ್ಟೇ ಸಾಲದು. ಆಗಲೇ ಕೂಡಿಕೊಂಡಿರುವ ಸಂಪರ್ಕ ಹಳೆಯ ಚೀಟಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಕಡಿದು, ಹೊಸದಾಗಿ ಕೂಡಿಕೊಳ್ಳುವಂತೆ ಮಾಡಬೇಕು. ಕಡಿದೆ. ಎರಡೂ ಮತ್ತೆ ಕೂಡಿಕೊಂಡವು, ಪರದೆಯ ಮೇಲೆ ಹೊಸ ಗುರುತು ಬಂತು. ಬಾಗಿಲು ತೆರೆಯುವ ಹೊತ್ತಿಗೆ ಎರಡೂ ಪಂಚಾಯ್ತಿಗೆ ಫೋನ್ ಮಾಡಿ ನೆಟ್ ಬಂತೇನ್ರಿ ಎಂದು ಕೇಳಿದೆ. ಬಂದಿದೆ ಎಂದರು. ಚಹಾ ಕುಡಿಯಲು ಹೋದೆ.

ಐದನೆಯ ದಿನ ಔರಾದಿನ ಊರಿನ ಆಪರೇಟರ್ ಫೋನ್ ಮಾಡಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಊರಿನ ಬೌದ್ಧ ಮನೆತನದವರು, ಡಿಗ್ರಿ ಮಾಡಿ ಅದೇ ಪಂಚಾಯ್ತಿಯಲ್ಲಿ ಕೆಲಸಕ್ಕೆ ಸೇರಿದ್ದರು. ದಿನಾ ನಾಲ್ಕು ಟ್ಯಾಂಕರ್ ಬರೆಯುತ್ತಿದ್ದೇನೆ, ಸೋಮವಾರದಿಂದ ಒಂದೂ ಬಂದಿಲ್ಲ, ತಾಲೂಕಿಗೆ ಕೇಳಿದರೆ ನೀವೇ ಸೊನ್ನೆ ಬರೆದಿದ್ದೀರಿ ಎನ್ನುತ್ತಾರೆ ಎಂದರು. ನಾನು ಪರದೆ ನೋಡಿದೆ. ಲೈನ್ ಸರಿಯಾಗಿತ್ತು. ಲೈನಿನ ತೊಂದರೆ ಇಲ್ಲ ಮೇಡಂ, ತುಂಬುವಾಗ ಸರಿಯಾಗಿ ನೋಡಿಕೊಳ್ಳಿ ಎಂದೆ. ಆಕೆ ಹೂಂ ಎಂದು ಫೋನ್ ಇಟ್ಟರು. ಜಗತ್ತಿನ ಎಲ್ಲದರ ಬಗ್ಗೆ ಅನುಮಾನಪಡುವ ನಾನು ಅವತ್ತು ಅನುಮಾನಪಟ್ಟದ್ದು ಆಕೆಯ ಮೇಲೆ.

ಒಂಬತ್ತನೆಯ ದಿನ, ಮಂಗಳವಾರ, ಮತ್ತೆ ಫೋನ್ ಬಂತು. ಈ ಸಲ ದನಿ ಬೇರೆ ಇತ್ತು.

"ಸರ್, ನಮ್ಮ ತಂಗಿನ್ನ ಭಾಲ್ಕಿ ಕಡಿ ಕೊಟ್ಟೇವ್ರಿ, ಸಾಯಗಾಂವ ಬಾಜೂಕ. ಆ ಊರಾಗ ಬೋರಿಗಿ ನೀರ್ ಅದಾವ. ಅಲ್ಲಿಯವ್ರು ದಿನಾ ಸೊನ್ನಿ ಬರಿತಾರಂತ. ಖರೆ ದಿನಾ ನಾಕ್ ಟ್ಯಾಂಕರ್ ಬಂದು ಸುರುವಿ ಹೋಗ್ಲತ್ತಾವಂತ್ರಿ. ನಾ ಬರದಿದ್ದೂ ನಾಕೇ. ಇದು ಹ್ಯಾಂಗ್ರಿ ಸರ್?"

ಆ ಊರಿನವರು ಯಾಕೆ ಸುಮ್ಮನಿದ್ದರು ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಅಂಥ ವರ್ಷದಲ್ಲಿ ತಾನಾಗಿ ಬಂದ ನೀರನ್ನು ಹಿಂದಕ್ಕೆ ಕಳಿಸುವವರು ಯಾರು? ನಾನಾಗಿದ್ದರೂ ಕಳಿಸುತ್ತಿರಲಿಲ್ಲ.

ಆಗ ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. "ಮೇಡಂ, ನಿಮ್ಮ ಮೋಡೆಮಿಂದ ಸ್ವಿಚ್ ಬಂದ್ ಮಾಡ್ರಿ, ಫೋನ್ ಇಡಬ್ಯಾಡ್ರಿ" ಎಂದೆ. ಪರದೆಯ ಮೇಲೆ ಎರಡು ಸಾಲುಗಳಿದ್ದವು. ಔರಾದಿನ ಸಾಲನ್ನೇ ನೋಡುತ್ತಾ ಕೂತೆ. ಅದು ಅಲ್ಲಾಡಲಿಲ್ಲ. ಭಾಲ್ಕಿಯ ಸಾಲು ಮಾಯವಾಯಿತು.

"ಬಂದ್ ಮಾಡೀನ್ರಿ ಸರ್."

ಚಾಲೂ ಮಾಡಿ ಎಂದೆ. ಭಾಲ್ಕಿಯ ಸಾಲು ಮತ್ತೆ ಬಂತು. ಇನ್ನೊಮ್ಮೆ ಮಾಡಿಸಿದೆ, ನನ್ನ ಅದೃಷ್ಟಕ್ಕೆ ಏನಾದರೂ ಬೇರೆ ಆದೀತೆಂದು. ಆಗಲಿಲ್ಲ. ಏನಾಗಿದೆ ಎಂದು ಆಕೆ ಕೇಳಿದರು. ಸಣ್ಣ ಸಮಸ್ಯೆ ಇದೆ, ನೋಡುತ್ತೇನೆ ಎಂದೆ. ನಿಮ್ಮದು ತಪ್ಪಿಲ್ಲ ಎಂಬ ಎರಡು ಪದ ಬಾಯಿಯವರೆಗೂ ಬಂದಿದ್ದವು. ಅವು ಹೊರಗೆ ಬಂದರೆ ಮುಂದಿನ ಪ್ರಶ್ನೆ ಯಾರದು ತಪ್ಪು ಎಂಬುದೇ ಆಗುತ್ತಿತ್ತು.

ಮರುದಿನ, ಬುಧವಾರ ಮಧ್ಯಾಹ್ನ, ಎರಡೂ ಅಂಕಿ ಅದಲುಬದಲು ಮಾಡಿ ಪಟ್ಟಿಯನ್ನು ಬೆಂಗಳೂರಿಗೆ ಕಳಿಸಿದೆ. ಮೇಲೆ 'ಪರಿಷ್ಕೃತ ಪಟ್ಟಿ' ಎಂದು ಬರೆದೆ. ಯಾಕೆ ಪರಿಷ್ಕರಿಸಿದೆ ಎಂದು ಬರೆಯಲಿಲ್ಲ, ಅವರೂ ಕೇಳಲಿಲ್ಲ. ನಮ್ಮ ಗುತ್ತಿಗೆ ಕಂಪನಿಯ ಮ್ಯಾನೇಜರಿಗೆ ಮಾತ್ರ ಬಾಯಿಮಾತಿನಲ್ಲಿ ತಿಳಿಸಿದೆ. ಸರಿ ಆಯಿತಲ್ಲ, ಮತ್ಯಾಕೆ ಕೆದಕುತ್ತೀರಿ, ಬರವಣಿಗೆಯಲ್ಲಿ ಏನೂ ಬೇಡ ಎಂದರು. ನನಗೂ ಅದೇ ಬೇಕಿತ್ತು. ಗುರುವಾರ ಔರಾದಿನ ಊರಿಗೆ ನಾಲ್ಕು ಟ್ಯಾಂಕರ್ ಹೋದವು. ಎಷ್ಟೋ ದಿನದ ಮೇಲೆ ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ತಪ್ಪು ಹೇಗಾಯಿತೆಂದು ತಿಳಿಯದೆ ಇರಲಾಗಲಿಲ್ಲ. ಶನಿವಾರ ರಿಜಿಸ್ಟರ್ ಬಗಲಲ್ಲಿಟ್ಟುಕೊಂಡು ಚಾಚಾ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಚೌಕಗಳನ್ನು ನೋಡಿದರು, ನನ್ನನ್ನು ನೋಡಿದರು.

"ಎಡಗಡಿಂದ ಯಾಕ ಓದಿದ್ರಿ ಸಾಬ್? ನಂಬರ್ ಬಲಗಡಿಂದ ಶುರು. ನನ್ನ ಕೈ ಹಂಗೇ ಬರಿತದ, ಸಣ್ಣಾಗಿಂದ ಅದೇ ರೂಢಿ. ಅದಕ್ಕಂತ್ಲೇ ಪೈಲಾ ಪೇಜಿನಾಗ ಸಾಫ್ ಬರ್ದಿಟ್ಟೀನಲ್ಲ."

ಉರ್ದುವಿನ ಆ ಪುಟವನ್ನು ಅವರು ಗಟ್ಟಿಯಾಗಿ ಓದಿ ತೋರಿಸಿದರು. ಬಲದಿಂದ ಎಡಕ್ಕೆ ಎಣಿಸುವುದು, ಅನುಮಾನ ಬಂದರೆ ಮನೆಗೆ ಬಂದು ಕೇಳುವುದು, ಕೆಳಗೆ ಮನೆಯ ವಿಳಾಸ. ನನ್ನ ಕಚೇರಿಯಿಂದ ಅವರ ಮನೆಗೆ ನಡೆದರೆ ಕಾಲು ಗಂಟೆ. ಅನುಮಾನಕ್ಕೆ ನನ್ನ ಹತ್ತಿರ ಯಾವತ್ತೂ ಕೊರತೆ ಇರಲಿಲ್ಲ, ಕೇಳಲು ಹೋಗುವ ತಾಳ್ಮೆ ಇರಲಿಲ್ಲ. ಚಾಚಾ ಪುಸ್ತಕ ಮುಚ್ಚಿ, ಆ ಮಗಳಿಗೆ ಹೇಳಿದಿರಾ ಎಂದು ಕೇಳಿದರು. ಟ್ಯಾಂಕರ್ ಹೋಗುತ್ತಿವೆಯಲ್ಲ ಎಂದೆ.

ಮುಂದಿನ ವಾರ ಎರಡೂ ಊರಿಗೆ ಹೋಗಿ ಮೋಡೆಮಿನ ಫೋಟೋ ತೆಗೆದು ಕಳಿಸಬೇಕೆಂದು ಆದೇಶ ಬಂತು. ಔರಾದಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎಕಂಬಾ ಕಡೆ ಹೋಗುವ ಜೀಪ್ ಹಿಡಿದೆ. ಊರೊಳಗೆ ನಡೆದಾಗ ಎಣಿಸುವುದು ಬೇಡವೆಂದರೂ ಎಣಿಸಿದೆ. ಪಂಚಾಯ್ತಿ ಮುಟ್ಟುವಷ್ಟರಲ್ಲಿ ಹದಿನೇಳು ಬಾಗಿಲಿಗೆ ಬೀಗ. ಒಂದು ಅಂಗಳದಲ್ಲಿ ಕುರಿಹಟ್ಟಿ ಖಾಲಿ ಇತ್ತು, ಹಿಕ್ಕೆ ಒಣಗಿ ಬಿಳಿಚಿಕೊಂಡಿತ್ತು.

ಪಂಚಾಯ್ತಿಯೊಳಗೆ ಆಪರೇಟರ್ ಕಂಪ್ಯೂಟರಿನ ಮುಂದೆ ಇದ್ದರು. ಅವರ ಬೆನ್ನ ಹಿಂದೆ ಬೆಂಚಿನ ಮೇಲೆ ಇಬ್ಬರು ಹಿರಿಯರು ಪರದೆಯನ್ನೇ ನೋಡುತ್ತಾ ಕೂತಿದ್ದರು. ಆಕೆ ನಾಲ್ಕು ಎಂದು ಒತ್ತಿ, ಪಕ್ಕಕ್ಕೆ ಸರಿದು, ಅವರಿಗೆ ಕಾಣುವಂತೆ ಬಿಟ್ಟು, ಆಮೇಲೆ ಕಳಿಸಿದರು. ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಹಾಕಿದರು. ಇದೇನೆಂದು ಕೇಳಿದೆ. ಇಬ್ಬರಲ್ಲಿ ಹಿರಿಯರು, ಕುರಿಗಾರರ ಮನೆತನದ ಯಜಮಾನರು, ನನ್ನನ್ನು ದೊಡ್ಡ ಅಧಿಕಾರಿ ಎಂದು ತಿಳಿದು ಎದ್ದು ನಿಂತರು.

"ಮೊದಲ ಈಕಿ ಸೊನ್ನಿ ಬರಿತಿದ್ಳ್ರಿ ಸಾಹೇಬ್ರ. ನಮ್ಮ ಪಾಲಿಂದು ನೀರು ತಂಗಿ ಊರಿಗಿ ತಿರುವಿದ್ಳು. ಊರಾಗ ಕೂಡಿ ಮಾತಾಡಿ ಇಬ್ಬಿಬ್ರು ಕಾವಲ ಕುಂದ್ರಬೇಕಂತ ಮಾಡಿದ್ವಿ. ನಾವು ಕುಂತ ದಿನಾನೇ ನಾಕೂ ಬಂದಾವ ನೋಡ್ರಿ."

ಯಾವತ್ತು ಕೂತಿರಿ ಎಂದೆ. ಗುರುವಾರ ಎಂದರು.

ನಾನು ಬುಧವಾರ ಕಳಿಸಿದ ಪರಿಷ್ಕೃತ ಪಟ್ಟಿ ಗುರುವಾರ ಅಲ್ಲಿ ಸಾಕ್ಷಿ ಹೇಳಿತ್ತು. ಸದ್ದಿಲ್ಲದೆ ತಪ್ಪು ತಿದ್ದಿ ನಾನು ಹೊಟ್ಟೆ ತುಂಬ ಉಂಡ ದಿನ, ಆಕೆಯ ಕಳ್ಳತನ ಇಡೀ ಊರಿಗೆ ಖಾತ್ರಿಯಾಗಿತ್ತು. ತಿದ್ದದೆ ಬಿಟ್ಟಿದ್ದರೆ ಕಾವಲು ಕೂತವರೇ ನಾಲ್ಕು ಬರೆಯುವುದನ್ನು ಕಣ್ಣಾರೆ ಕಂಡು, ಟ್ಯಾಂಕರ್ ಬಾರದ್ದನ್ನೂ ಕಂಡು, ಆಕೆಯ ಮಾತು ನಂಬುತ್ತಿದ್ದರು. ಆಕೆ ತಿರುಗಿ ನೋಡಲಿಲ್ಲ. ಕೀಬೋರ್ಡಿನ ಮೇಲಿನ ಬೆರಳುಗಳು ನಿಂತಿದ್ದವು.

ಟೆಕ್ನಿಕಲ್ ಸಮಸ್ಯೆ ಆಗಿತ್ತು, ಮೇಡಂ ಅವರದು ತಪ್ಪಿಲ್ಲ ಎಂದೆ. ಯಜಮಾನರು ನಕ್ಕರು. ಕಚೇರಿಯವರು ಕಚೇರಿಯವರನ್ನು ಬಿಟ್ಟುಕೊಡುವುದಿಲ್ಲ ಎಂಬ ನಗೆ.

"ಟೆಕ್ನಿಕಲ್ ಅಂದ್ರ ಏನ್ರಿ? ಅದೂ ಯಾರರೆ ಒಬ್ರು ಮಾಡಿರಬೇಕಲ್ರಿ."

ಮೂರು ನಿಮಿಷ ಸುಮ್ಮನಿದ್ದಿದ್ದರೆ ಫೋಟೋ ತೆಗೆದು ವಾಪಸ್ ಬರಬಹುದಿತ್ತು. ಕೆಲಸ ಹೋದರೆ ಏನು, ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ, ಇಲ್ಲಿಯೇ ನಾಲ್ಕು ಜನ ಸೇರಿ ಹೊಡೆದರೆ ಏನು ಎಂದು ತಲೆ ಎಂದಿನಂತೆ ಓಡುತ್ತಿತ್ತು. ಅದು ಓಡುತ್ತಿರುವಾಗಲೇ ಬಾಯಿ ಹೇಳಿಬಿಟ್ಟಿತು.

"ನಾ ಮಾಡೀನ್ರಿ."

ಅವರ ನೋಟ್‌ಬುಕ್ಕಿನಲ್ಲೇ ಎಂಟು ಚೌಕ ಎಳೆದೆ. ಈ ತುದಿಗೆ ನಿಮ್ಮೂರು, ಆ ತುದಿಗೆ ಭಾಲ್ಕಿಯ ಊರು, ನಾನು ಹಿಂದುಮುಂದಾಗಿ ಎಣಿಸಿದೆ, ಈಕೆ ಬರೆದ ನಾಲ್ಕು ಅಲ್ಲಿಗೆ ಹೋಯಿತು, ಅವರು ಬರೆದ ಸೊನ್ನೆ ಇಲ್ಲಿಗೆ ಬಂತು ಎಂದು ಬೆರಳಿಟ್ಟು ತೋರಿಸಿದೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಯಜಮಾನರು ಬಹಳ ಹೊತ್ತು ಚೌಕಗಳನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಿತ್ತು.

"ನನ್ನ ಮಗ ನೀರು ನಿಂತ ಆರನೇ ದಿನಕ್ಕ ಕುರಿ ಹೊಡಕೊಂಡು ತೆಲಂಗಾಣದ ಕಡಿ ಹೋದ. ಸೊಸಿ, ಮಕ್ಕಳು ಎಲ್ಲಾರೂ. ಹೋಗುವಾಗ ಈಕಿ ಬಾಗಿಲ ಮುಂದ ನಿಂತು ಬಾಯಿಗಿ ಬಂದಂಗ ಬೈದು ಹೋಗ್ಯಾರ. ಅವರಿಗಿ ಯಾರು ಹೇಳಬೇಕ್ರಿ ಈಗ?"

ಇಬ್ಬರೂ ಎದ್ದು ಹೊರಗೆ ಹೋದರು. ನಾನು ಮೋಡೆಮಿನ ಫೋಟೋ ತೆಗೆದೆ. ಆಗ ಆಪರೇಟರ್ ಮೊದಲ ಸಲ ನನ್ನ ಕಡೆ ತಿರುಗಿದರು. ಥ್ಯಾಂಕ್ಸ್ ಎನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಈಗ ನೀವು ಹೇಳಿದ್ದು ಇಬ್ರು ಕೇಳ್ಯಾರ್ರಿ ಸರ್. ನಮ್ಮ ಮನಿಗಿ ಬಂದು ಬೈದವ್ರೆಲ್ಲ ಊರು ಬಿಟ್ಟು ಹೋಗ್ಯಾರ. ಅವರು ಎಲ್ಲಿ ಇರ್ತಾರೋ ಅಲ್ಲಿ ನನ್ನ ಹೆಸರು ಅದೇ ಇರ್ತದ. ತಿರುಗಿ ಬಂದಾಗ ನಾ ಹೇಳಿದ್ರ ನಂಬಲ್ಲ. ನೀವು ಬರ್ತೀರೇನ್ರಿ?"

ಬರ್ತೇನಿ ಎಂದೆ.

ಬೀದರಿಗೆ ಬಂದು, ನಡೆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಮೇಲಿನವರಿಗೂ ಪಂಚಾಯ್ತಿಗೂ ಕಳಿಸಿದೆ. ಮ್ಯಾನೇಜರ್ ನನ್ನನ್ನು ರೂಟರಿನಿಂದ ತೆಗೆದು ಕೇಬಲ್ ಗೋದಾಮಿಗೆ ಹಾಕಿದರು. ಅಲ್ಲಿ ಎಣಿಸುವ ಕೆಲಸವೇ ಜಾಸ್ತಿ. ಯಾವ ಕಡೆಯಿಂದ ಎಣಿಸಿದರೂ ಲೆಕ್ಕ ಒಂದೇ ಬರುತ್ತದೆ ಎಂಬುದೊಂದು ನೆಮ್ಮದಿ.

ಯುಗಾದಿಗೆ ಆ ಊರಿಗೆ ಹೋದೆ. ಊರು ಬಿಟ್ಟು ಹೋದವರಲ್ಲಿ ಆರು ಮನೆಯವರು ಹಬ್ಬಕ್ಕೆ ಬಂದಿದ್ದರು. ಎಂಟು ಚೌಕ ಎಳೆದು ಹೇಳಿದೆ. ಒಬ್ಬರು, ನಿಮಗೆ ಈಕೆ ಎಷ್ಟು ಬೇಕಾದವಳು ಎಂದು ನಕ್ಕು ಎದ್ದು ಹೋದರು. ಉಳಿದವರು ಮರುದಿನ ಪುಣೆಯ ಬಸ್ಸಿಗೆ ಚೀಲ ಕಟ್ಟುವ ಗಡಿಬಿಡಿಯಲ್ಲಿದ್ದರು.

ಮಳೆ ಬಿದ್ದ ಮೇಲೆ ಆಪರೇಟರೇ ಫೋನ್ ಮಾಡಿ, ಕುರಿಯವರು ಬಂದಿದ್ದಾರೆ ಎಂದರು. ಹೋದೆ. ಹೆಸರುಕಾಳು ಬಿತ್ತುವ ದಿನಗಳು, ಪಂಚಾಯ್ತಿಯಲ್ಲಿ ಜನ ಕಡಿಮೆ. ಯಜಮಾನರ ಸೊಸೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತಳು. ಬಿಸಿಲಿಗೆ ಸುಟ್ಟು ಮುಖ ಕಪ್ಪಿಟ್ಟಿತ್ತು. ಹೋದ ಕುರಿಗಳಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಸತ್ತವೆಂದು ಮಾವ ಮೊದಲೇ ಹೇಳಿದ್ದರು. ಸಾಲಿ ಬಿಟ್ಟು ಹೋಗಿದ್ದ ದೊಡ್ಡ ಮಗಳು ತಿರುಗಿ ಸಾಲಿಗೆ ಹೋಗಲು ಒಲ್ಲೆ ಎನ್ನುತ್ತಿದ್ದಳಂತೆ. ನಾನು ಚೌಕ ಎಳೆದೆ, ಬೆರಳಿಟ್ಟು ತೋರಿಸಿದೆ, ತಪ್ಪು ನನ್ನದು ಎಂದೆ. ಆಕೆ ಕೊನೆಯವರೆಗೂ ಕೇಳಿದಳು.

"ಹಂಗಾದ್ರ ನಾಕೈದ್ ದಿನ ತಡದಿದ್ರ ನೀರು ಬರ್ತಿತ್ತು. ನಾವು ಸುಮ್ಮ ಹೋದೇವೇನ್ರಿ?"

ಆಪರೇಟರ್ ಕದ್ದಿದ್ದಳು ಎಂದರೆ ಆ ಹೋಗುವಿಕೆಗೆ ಒಂದು ಕಾರಣವಿರುತ್ತಿತ್ತು. ನಾನು ಅದನ್ನೂ ಕಸಿದುಕೊಳ್ಳಲು ಬಂದಿದ್ದೆ. ಮಳೆ ಇರಲಿಲ್ಲ, ಹೇಗೂ ಹೋಗಲೇಬೇಕಾಗುತ್ತಿತ್ತು ಎಂದು ಏನಾದರೂ ಹೇಳಬಹುದಿತ್ತು.

"ಹೌದ್ರಿ" ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ನನ್ನ ಕಡೆ ನೋಡಲಿಲ್ಲ, ಆಪರೇಟರ್ ಕಡೆಯೂ ನೋಡಲಿಲ್ಲ, ಹೊರಗೆ ಹೋದಳು. ನಾನು ಪೆನ್ನಿನ ಮುಚ್ಚಳ ಹುಡುಕುತ್ತಾ ಕೂತೆ. ಈ ಸಲವೂ ವ್ಯರ್ಥವಾಯಿತಲ್ಲ ಮೇಡಂ ಎಂದೆ.

"ಇಲ್ರಿ ಸರ್, ಆಕಿ ನಂಬಿದ್ಳು" ಎಂದರು ಆಪರೇಟರ್, ಬಾಗಿಲ ಕಡೆಗೇ ನೋಡುತ್ತಾ. "ನಂಬದಿದ್ರ ಬೈದು ಹೋಗ್ತಿದ್ಳು."